ಬೀಗರ ಊಟ ಯಾಕೆ ಎರಡು ತುಂಡಾಯ್ತು?

ಕಂಪ್ಯೂಟರ್ ಪ್ರಶ್ನೋತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಂತಿವೆ: ಒಂದು ಸಾಲು ಕಮಾಂಡನ್ನು ಪ್ರೋಗ್ರಾಮಿನೊಳಗೆ ಹೇಗೆ ತುಂಡು ಮಾಡುವುದು? ಹಾಗಾಗಿ ಎಕ್ಸೆಲ್‌ನವರು, ಪ್ರಿಂಟರ್‌ನವರು ಮುಂದಿನ ಸಂಚಿಕೆಯವರೆಗೆ ತಡೆದುಕೊಳ್ಳಿ. ಇಲ್ಲಿರುವ ಉತ್ತರಗಳನ್ನೆಲ್ಲ ಕುವೆಂಪುನಗರದ ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಬಹುದಾದಂಥವನ್ನೇ ಆರಿಸಿದ್ದೇನೆ. ನೀವೂ ಓಡಿಸಿ ನೋಡಿ, ನನ್ನ ಮಾತನ್ನು ಹಾಗೇ ನಂಬಬೇಕಿಲ್ಲ.

ಪ್ರಶ್ನೆ: ಮೇಡಂ, ಮಂಡ್ಯದಲ್ಲಿ ನಂದೊಂದು ಫೋಟೋ ಸ್ಟುಡಿಯೊ ಇದೆ. ಮದುವೆ, ಆರತಕ್ಷತೆ, ಬೀಗರ ಊಟ ಎಲ್ಲದರ ವಿಡಿಯೊ ಮಾಡ್ತೀವಿ. ಗಿರಾಕಿಗಳ ಮೊಬೈಲಿಗೆ ಕಳಿಸೋಕೆ ವಿಡಿಯೊ ಚಿಕ್ಕದು ಮಾಡಬೇಕಲ್ಲ, ಅದಕ್ಕೆ ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೊ ಸಾಫ್ಟ್‌ವೇರ್ ಓಡಿಸೋ ಒಂದು ಪೈಥಾನ್ ಪ್ರೋಗ್ರಾಮ್ ಬರ್ಕೊಂಡಿದ್ದೀನಿ. ಟೆಕ್ಸ್ಟ್ ಫೈಲಿನಲ್ಲಿ ಸಾಲಿಗೊಂದು ಕಮಾಂಡ್ ಬರೆದಿಟ್ಟರೆ ಅದು ಒಂದೊಂದಾಗಿ ಓದಿ ಓಡಿಸುತ್ತೆ. ಅಂಗಡಿ ಹುಡುಗರೂ ಅದರಲ್ಲೇ ಬರೀತಾರೆ. ಫೈಲಿನ ಹೆಸರು 'ಮದುವೆ.ಎಂಪಿ4' ಅಂತಿದ್ದರೆ ತೊಂದರೆ ಇಲ್ಲ. 'ಬೀಗರ ಊಟ.ಎಂಪಿ4' ಬಂತೋ, 'ಬೀಗರ' ಅನ್ನೋ ಫೈಲೇ ಇಲ್ಲ ಅಂತ ನಿಂತುಬಿಡುತ್ತೆ. ಹೆಸರಿಗೆ ಡಬಲ್ ಕೋಟ್ ಹಾಕಿದರೂ ಅದೇ ರಾಗ. ಅದೇ ಸಾಲನ್ನ ಟರ್ಮಿನಲ್‌ಗೆ ಪೇಸ್ಟ್ ಮಾಡಿದರೆ ಸರಾಗವಾಗಿ ಓಡುತ್ತೆ! ಯಾರ ತಪ್ಪು, ಎಫ್‌ಎಫ್‌ಎಂಪೆಗ್‌ದೋ ಪೈಥಾನ್‌ದೋ?
— ಸ್ಟುಡಿಯೊ ಮಾಲೀಕರು, ಮಂಡ್ಯ

ಉತ್ತರ: ಇಬ್ಬರದ್ದೂ ಅಲ್ಲ. ಟರ್ಮಿನಲ್‌ನಲ್ಲಿ ಓಡಿಸುವಾಗ ನಿಮ್ಮ ಮತ್ತು ಎಫ್‌ಎಫ್‌ಎಂಪೆಗ್ ನಡುವೆ ಇನ್ನೊಬ್ಬರು ಕೂತಿರುತ್ತಾರೆ, ಅವರ ಹೆಸರು ಶೆಲ್. ನೀವು ಟೈಪ್ ಮಾಡಿದ ಸಾಲನ್ನು ಓದಿ, ಎಲ್ಲಿ ಕತ್ತರಿಸಬೇಕು ಎಲ್ಲಿ ಕತ್ತರಿಸಬಾರದು ಅಂತ ತೀರ್ಮಾನಿಸಿ, ಕೋಟ್‌ಗಳನ್ನು ಕಿತ್ತು ಹಾಕಿ, ಉಳಿದ ತುಂಡುಗಳನ್ನು ಒಂದು ಪಟ್ಟಿ ಮಾಡಿ ಕೊಡುವ ಕೆಲಸ ಅದರದ್ದು. ಲಿನಕ್ಸಿನಲ್ಲಿ ಹೊಸ ಪ್ರೋಗ್ರಾಮ್ ಶುರು ಮಾಡುವ ಸಿಸ್ಟಂ ಕಾಲ್‌ಗೆ ಎಕ್ಸೆಕ್‌ವಿಇ ಅಂತ ಹೆಸರು. ಅದು ಸಾಲನ್ನು ತೆಗೆದುಕೊಳ್ಳುವುದೇ ಇಲ್ಲ, ಪಟ್ಟಿಯನ್ನೇ ತೆಗೆದುಕೊಳ್ಳುತ್ತದೆ. ಅಂದರೆ ಟರ್ಮಿನಲ್‌ನಲ್ಲಿ ನೀವು ಹಾಕಿದ ಡಬಲ್ ಕೋಟ್ ಎಫ್‌ಎಫ್‌ಎಂಪೆಗ್ ಕಣ್ಣಿಗೆ ಬಿದ್ದೇ ಇಲ್ಲ. ಅದಕ್ಕೆ ಕಂಡಿದ್ದು 'ಬೀಗರ ಊಟ.ಎಂಪಿ4' ಎಂಬ ಒಂದು ಇಡೀ ತುಂಡು.

ನಿಮ್ಮ ಪ್ರೋಗ್ರಾಮಿನಲ್ಲಿ ಆ ಶೆಲ್ ಇಲ್ಲ. ಅದರ ಜಾಗದಲ್ಲಿ ನೀವು ಸ್ಟ್ರಿಂಗಿನ ಸಾದಾ ಸ್ಪ್ಲಿಟ್ ಕರೆದಿದ್ದೀರಿ. ಸ್ಪ್ಲಿಟ್‌ಗೆ ಗೊತ್ತಿರುವುದು ಸ್ಪೇಸ್ ಒಂದೇ. ಈ ಸಾಲು ನೋಡಿ:

ಎಫ್‌ಎಫ್‌ಎಂಪೆಗ್ -ಐ "ಬೀಗರ ಊಟ.ಎಂಪಿ4" "ಊಟ ಚಿಕ್ಕದು.ಎಂಪಿ4"

ಸಾದಾ ಸ್ಪ್ಲಿಟ್ ಇದನ್ನು ಹೀಗೆ ಒಡೆಯುತ್ತದೆ:

[ಎಫ್‌ಎಫ್‌ಎಂಪೆಗ್] [-ಐ] ["ಬೀಗರ] [ಊಟ.ಎಂಪಿ4"] ["ಊಟ] [ಚಿಕ್ಕದು.ಎಂಪಿ4"]

ಕೋಟ್ ಹೆಸರಿಗೇ ಅಂಟಿಕೊಂಡು ಕೂತಿದೆ ನೋಡಿ. ಆ ಹೆಸರಿನ ಫೈಲ್ ನಿಮ್ಮ ಡಿಸ್ಕಿನಲ್ಲಿ ಎಲ್ಲಿಂದ ಬರಬೇಕು? ಎರರ್ ಮೆಸೇಜನ್ನು ಇನ್ನೊಂದು ಸಲ ಓದಿ. ಕೋಟ್ ಹಾಕಿದ ಸಾಲಿಗೆ ಬಂದ ದೂರಿನಲ್ಲಿ 'ಬೀಗರ' ಮುಂದೆ ಒಂಟಿ ಡಬಲ್ ಕೋಟ್ ಇದ್ದೇ ಇರುತ್ತದೆ.

ಪೈಥಾನ್ ಜೊತೆಗೇ ಬರುವ ಒಂದು ಮಾಡ್ಯೂಲ್ ಇದೆ. ಎಸ್-ಎಚ್-ಎಲ್-ಇ-ಎಕ್ಸ್ ಅಂತ ಬರೆಯಬೇಕು, ನಾವೆಲ್ಲ ಶ್‌ಲೆಕ್ಸ್ ಅನ್ನುತ್ತೇವೆ. ಎರಿಕ್ ರೇಮಂಡ್ 1998ರ ಡಿಸೆಂಬರ್‌ನಲ್ಲಿ ಬರೆದದ್ದು. ಅವರ ಉದ್ದೇಶ ಶೆಲ್ ತರಹದ ಪುಟ್ಟ ಭಾಷೆಗಳನ್ನು, ಸೆಟ್ಟಿಂಗ್ಸ್ ಫೈಲುಗಳನ್ನು ಓದುವುದಾಗಿತ್ತು. ನಮಗೆ ಬೇಕಾದ ಸ್ಪ್ಲಿಟ್ ಫಂಕ್ಷನ್ ಮತ್ತು ಪಾಸಿಕ್ಸ್ (ಯುನಿಕ್ಸ್ ಬಗೆಯ ಸಿಸ್ಟಂಗಳ ಮಾನದಂಡ) ನಿಯಮಗಳು ಸೇರಿದ್ದು 2003ರಲ್ಲಿ, ಗುಸ್ತಾವೊ ನೀಮೆಯರ್ ಕೈಯಿಂದ. ಸಾದಾ ಸ್ಪ್ಲಿಟ್ ತೆಗೆದು ಶ್‌ಲೆಕ್ಸಿನ ಸ್ಪ್ಲಿಟ್ ಹಾಕಿ, ಅದೇ ಸಾಲು ಕೊಡಿ:

[ಎಫ್‌ಎಫ್‌ಎಂಪೆಗ್] [-ಐ] [ಬೀಗರ ಊಟ.ಎಂಪಿ4] [ಊಟ ಚಿಕ್ಕದು.ಎಂಪಿ4]

ಈ ಪಟ್ಟಿಯನ್ನು ಹಾಗೇ ಸಬ್‌ಪ್ರೊಸೆಸ್ ಮಾಡ್ಯೂಲಿನ ರನ್‌ಗೆ ಕೊಡಿ, ಕೆಲಸ ಆಯಿತು.

ನಿಯಮಗಳು ಹುಡುಗರಿಗೂ ಗೊತ್ತಿರಲಿ, ಗೋಡೆಗೆ ಅಂಟಿಸಿಬಿಡಿ. ಸಿಂಗಲ್ ಕೋಟ್ ಒಳಗೆ ಏನಿದ್ದರೂ ಇದ್ದ ಹಾಗೇ ಉಳಿಯುತ್ತದೆ, ಬ್ಯಾಕ್‌ಸ್ಲ್ಯಾಶ್ (\) ಕೂಡ. ಸಿಂಗಲ್ ಕೋಟ್ ಒಳಗೆ ಇನ್ನೊಂದು ಸಿಂಗಲ್ ಕೋಟ್ ಮಾತ್ರ ಬರೆಯುವ ಹಾಗಿಲ್ಲ. ಡಬಲ್ ಕೋಟ್ ಒಳಗೆ ಬ್ಯಾಕ್‌ಸ್ಲ್ಯಾಶಿಗೆ ಸ್ವಲ್ಪ ಅಧಿಕಾರ ಉಂಟು. ಕೋಟ್ ಹೊರಗೆ ಬ್ಯಾಕ್‌ಸ್ಲ್ಯಾಶ್ ಹಾಕಿದರೆ ಅದರ ಮುಂದಿನ ಅಕ್ಷರ, ಸ್ಪೇಸ್ ಆದರೂ ಸರಿ, ತುಂಡಿನೊಳಗೇ ಉಳಿಯುತ್ತದೆ. ಕೋಟ್ ಎನ್ನುವುದು ತುಂಡಿನ ಎಲ್ಲೆ ಅಲ್ಲ. ಬೀಗರ" "ಊಟ ಅಂತ ಬರೆದರೂ ಅದು ಒಂದೇ ತುಂಡು, ಯಾಕೆಂದರೆ ಕೋಟಿನ ಹೊರಗೆ ಸ್ಪೇಸ್ ಎಲ್ಲೂ ಇಲ್ಲ. ಏನೂ ಇಲ್ಲದ ಎರಡು ಕೋಟ್ ಬರೆದರೆ ಖಾಲಿ ತುಂಡೊಂದು ಪಟ್ಟಿಗೆ ಸೇರುತ್ತದೆ. ಸಾದಾ ಸ್ಪ್ಲಿಟ್‌ನಲ್ಲಿ ಖಾಲಿ ತುಂಡು ಹೇಳುವ ದಾರಿಯೇ ಇಲ್ಲ.

ನಾಳೆ ನಿಮಗೆ ಬರಲಿರುವ ತೊಂದರೆಯನ್ನೂ ಹೇಳಿಬಿಡುತ್ತೇನೆ. ಹುಡುಗರು ಫೈಲಿಗೆ 'ಪುಟ್ಟ'ಸ್ ಬರ್ತ್‌ಡೇ' ಅಂತ ಹೆಸರಿಡುತ್ತಾರೆ, ಇಟ್ಟೇ ಇಡುತ್ತಾರೆ. ಆ ನಡುವಿನ ಚುಕ್ಕೆಯಂಥ ಗೆರೆ ಸಿಂಗಲ್ ಕೋಟ್ ಅಲ್ಲವೇ? ಕೋಟ್ ತೆರೆಯಿತು, ಮುಚ್ಚಲೇ ಇಲ್ಲ ಅಂತ ಶ್‌ಲೆಕ್ಸ್ ವ್ಯಾಲ್ಯೂ ಎರರ್ ಎಸೆಯುತ್ತದೆ. ಇಡೀ ಹೆಸರನ್ನು ಡಬಲ್ ಕೋಟ್ ಒಳಗೆ ಹಾಕಿದರೆ ಸರಿಹೋಗುತ್ತದೆ. ಪ್ರೋಗ್ರಾಮಿನಲ್ಲಿ ಆ ಎರರನ್ನು ಹಿಡಿದು, ಎಷ್ಟನೇ ಸಾಲು, ಆ ಸಾಲಿನಲ್ಲಿ ಏನಿತ್ತು ಎರಡನ್ನೂ ತೋರಿಸಿ, ಮುಂದಿನ ಸಾಲಿಗೆ ಹೋಗುವ ಹಾಗೆ ಮಾಡಿ. ಇಲ್ಲದಿದ್ದರೆ ರಾತ್ರಿ ಓಡಲು ಬಿಟ್ಟು ಹೋದ ಕೆಲಸ ಅರ್ಧಕ್ಕೇ ನಿಂತು ಬೆಳಿಗ್ಗೆ ಗಿರಾಕಿ ಬಾಗಿಲಲ್ಲಿರುತ್ತಾರೆ.

ಈಗ ಒಂದು ಬೈಗುಳ. ನಿಮ್ಮ ಪತ್ರದ ಜೊತೆ ಕಳಿಸಿದ ಕೋಡಿನ ಕೊನೆಯಲ್ಲಿ, ಯಾರೋ ಹೇಳಿದರು ಅಂತ, 'ಶೆಲ್ ಈಕ್ವಲ್ಸ್ ಟ್ರೂ' ಸೇರಿಸಿ ನೋಡಿದ್ದೀರಿ. ಹೌದು, ಹಾಗೆ ಮಾಡಿದರೆ ಸಾಲು ನೇರ ಶೆಲ್‌ಗೆ ಹೋಗುತ್ತದೆ, ಕೋಟ್‌ಗಳೂ ಸರಿಯಾಗುತ್ತವೆ. ಜೊತೆಗೆ ಸೆಮಿಕೋಲನ್, ಪೈಪ್ (ಒಂದು ಕಮಾಂಡಿನ ಫಲವನ್ನು ಇನ್ನೊಂದಕ್ಕೆ ದಾಟಿಸುವ | ಗೆರೆ), ಡಾಲರ್ ಚಿಹ್ನೆ ಎಲ್ಲಕ್ಕೂ ಜೀವ ಬರುತ್ತದೆ. ಗಿರಾಕಿಯೊಬ್ಬರ ಪೆನ್‌ಡ್ರೈವ್‌ನಲ್ಲಿ ಹೆಸರಿನ ನಡುವೆ ಸೆಮಿಕೋಲನ್ ಇರುವ ಫೈಲ್ ಬಂತು ಅಂದುಕೊಳ್ಳಿ. ಹುಡುಗರು ಕೋಟ್ ಹಾಕಲು ಮರೆತರೆ, ಸೆಮಿಕೋಲನ್ ನಂತರ ಇರುವುದು ಶೆಲ್ ಪಾಲಿಗೆ ಇನ್ನೊಂದು ಕಮಾಂಡ್. ಅದು ಅಳಿಸುವ ಕಮಾಂಡ್ ಆಗಿದ್ದರೆ ಒಂದು ಮದುವೆಯ ನೆನಪೇ ಹೋಯಿತು, ಧಾರೆಯನ್ನು ಎರಡನೇ ಸಲ ಎರೆಸಿ ಶೂಟಿಂಗ್ ಮಾಡೋಕಾಗಲ್ಲ. ಪಟ್ಟಿ ಕೊಟ್ಟು ಓಡಿಸಿದರೆ ಸೆಮಿಕೋಲನ್ ಬರೀ ಸೆಮಿಕೋಲನ್.

ಇನ್ನೂ ಒಂದು. ಫೋಲ್ಡರಿನಲ್ಲಿರುವ ಎಲ್ಲ ವಿಡಿಯೊಗಳನ್ನು ಪ್ರೋಗ್ರಾಮೇ ಹುಡುಕಿ ಚಿಕ್ಕದು ಮಾಡುವ ಹಾಗಿದ್ದರೆ ಶ್‌ಲೆಕ್ಸ್ ಸಹವಾಸವೇ ಬೇಡ. ಫೈಲಿನ ಹೆಸರು ನಿಮ್ಮ ಕೈಯಲ್ಲಿ ಇಡಿಯಾಗಿಯೇ ಇದೆ. ಅದನ್ನು ಒಂದು ಸಾಲಿಗೆ ಅಂಟಿಸಿ, ಮತ್ತೆ ಆ ಸಾಲನ್ನು ಕತ್ತರಿಸಿ, ಅಂಟಿಸಿದ್ದು ಸರಿಯಾಗಿ ಬಿಟ್ಟಿತೇ ಅಂತ ತಲೆ ಕೆಡಿಸಿಕೊಳ್ಳುವುದು ಯಾಕೆ? ನೇರ ಪಟ್ಟಿಗೇ ಹಾಕಿ. ಶ್‌ಲೆಕ್ಸ್ ಬೇಕಾಗುವುದು ಮನುಷ್ಯರು ಕೈಯಾರೆ ಟೈಪ್ ಮಾಡಿದ ಸಾಲನ್ನು ಓದಬೇಕಾದಾಗ ಮಾತ್ರ. ನಾನು ಕೆಲಸ ಮಾಡಿದ ಕಚೇರಿಯೊಂದರಲ್ಲಿ ಬ್ಯಾಕಪ್ ಸ್ಕ್ರಿಪ್ಟೊಂದಿತ್ತು, ಹೆಸರಿನಲ್ಲಿ ಸ್ಪೇಸ್ ಇದ್ದ ಫೋಲ್ಡರ್‌ಗಳನ್ನೆಲ್ಲ ಬಿಟ್ಟು ಉಳಿದದ್ದನ್ನು ನಿಷ್ಠೆಯಿಂದ ನಕಲು ಮಾಡುತ್ತಿತ್ತು. ಎರರ್ ಬರುತ್ತಿತ್ತು, ಅದನ್ನು ಒಂದು ಲಾಗ್ ಫೈಲಿಗೆ ಕಳಿಸಿದ್ದರು, ಆ ಲಾಗ್ ಫೈಲನ್ನು ಯಾರೂ ತೆರೆಯುತ್ತಿರಲಿಲ್ಲ. ಡಿಸ್ಕ್ ಕೆಟ್ಟ ದಿನ 'ಆಡಿಟ್ ವರದಿ' ಅನ್ನುವ ಫೋಲ್ಡರ್ ಕೇಳಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನೀವೂ ಲಾಗ್ ಬರೆಸಿ, ಆದರೆ ಓದುವ ಹಾಗೆ ಬರೆಸಿ. ಶ್‌ಲೆಕ್ಸಿನಲ್ಲೇ ಜಾಯಿನ್ ಎಂಬ ಫಂಕ್ಷನ್ ಇದೆ, ಪೈಥಾನ್ 3.8ರಿಂದ. ಪಟ್ಟಿ ಕೊಟ್ಟರೆ ಬೇಕಾದ ಕಡೆ ಕೋಟ್ ಹಾಕಿ ಸಾಲು ಮಾಡಿಕೊಡುತ್ತದೆ. ಅದನ್ನು ಲಾಗಿಗೆ ಬರೆದಿಟ್ಟರೆ, ಕೈಕೊಟ್ಟ ಕಮಾಂಡನ್ನು ಎತ್ತಿ ಟರ್ಮಿನಲ್‌ಗೆ ಪೇಸ್ಟ್ ಮಾಡಿ ನೋಡಬಹುದು.

ಕೋಟ್‌ನಿಂದ ಬಗೆಹರಿಯದ ಸಂಗತಿಯೂ ಒಂದುಂಟು. ಹೊಸದಾಗಿ ಬರೆಯಬೇಕಾದ (ಔಟ್‌ಪುಟ್) ಫೈಲಿನ ಹೆಸರು ಅಡ್ಡಗೆರೆಯಿಂದ ಶುರುವಾದರೆ, '-2 ಮದುವೆ' ಅಂತಿದ್ದರೆ, ನೀವು ಎಷ್ಟು ಕೋಟ್ ಹಾಕಿದರೂ ಎಫ್‌ಎಫ್‌ಎಂಪೆಗ್ ಅದನ್ನು ಆಪ್ಷನ್ ಅಂತಲೇ ತಿಳಿಯುತ್ತದೆ. ಹೆಸರಿನ ಮುಂದೆ ಚುಕ್ಕೆ, ಸ್ಲ್ಯಾಶ್ ಸೇರಿಸಿ './-2 ಮದುವೆ' ಮಾಡಿ ಕೊಡಿ.

ಪ್ರಶ್ನೆ: ಮೇಡಂ, ನಾನು ಮೈಸೂರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಆಪರೇಟಿಂಗ್ ಸಿಸ್ಟಂ ಪ್ರಾಜೆಕ್ಟಿಗೆ ಪೈಥಾನ್‌ನಲ್ಲಿ ಪುಟ್ಟ ಶೆಲ್ ಬರೆಯುತ್ತಿದ್ದೇನೆ. ಶ್‌ಲೆಕ್ಸಿನ ಸ್ಪ್ಲಿಟ್ ಬಳಸಿದರೆ 'ಎಲ್‌ಎಸ್|ಡಬ್ಲ್ಯೂಸಿ' ಒಂದೇ ತುಂಡಾಗಿ ಬರುತ್ತದೆ, ಪೈಪ್ ಬೇರೆಯಾಗುವುದಿಲ್ಲ. ಪೈಪಿನ ಎರಡೂ ಕಡೆ ಸ್ಪೇಸ್ ಬಿಟ್ಟರೆ ಸರಿ. ವೈವಾದಲ್ಲಿ ಸ್ಪೇಸ್ ಇಲ್ಲದೆ ಟೈಪ್ ಮಾಡಿಬಿಟ್ಟರೆ ಏನು ಗತಿ? ನಾನೇ ಎಲ್ಲ ಪೈಪಿನ ಸುತ್ತ ಸ್ಪೇಸ್ ಸೇರಿಸಿ ಆಮೇಲೆ ಸ್ಪ್ಲಿಟ್ ಮಾಡಲೇ?
— ವಿದ್ಯಾರ್ಥಿ, ಜಯಲಕ್ಷ್ಮೀಪುರಂ

ಉತ್ತರ: ವಿದ್ಯಾರ್ಥಿಗಳನ್ನು ನೀನು ಅಂದೇ ಅಭ್ಯಾಸ, ಬೇಜಾರು ಮಾಡಿಕೊಳ್ಳಬೇಡಪ್ಪ. ಸ್ಪೇಸ್ ಸೇರಿಸುವ ಉಪಾಯ ಮಾತ್ರ ಬೇಡವೇ ಬೇಡ. ಕೋಟ್ ಒಳಗಿರುವ ಪೈಪಿಗೂ ಸ್ಪೇಸ್ ಸೇರಿಹೋಗುತ್ತದೆ, 'ಎ|ಬಿ' ಅಂತ ಹುಡುಕಲು ಹೇಳಿದವರಿಗೆ ನಿನ್ನ ಶೆಲ್ 'ಎ | ಬಿ' ಹುಡುಕಿ ಕೊಡುತ್ತದೆ.

ಪೈಥಾನ್ 3.6ರಿಂದ ಶ್‌ಲೆಕ್ಸ್ ಕ್ಲಾಸಿಗೆ 'ಪಂಕ್ಚುಯೇಷನ್ ಕ್ಯಾರ್ಸ್' ಅಂತ ಒಂದು ಆರ್ಗ್ಯುಮೆಂಟ್ ಇದೆ. ಅದನ್ನು ಟ್ರೂ ಮಾಡಿದರೆ ಬ್ರಾಕೆಟ್, ಸೆಮಿಕೋಲನ್, ಪೈಪ್, ಆಂಪರ್‌ಸ್ಯಾಂಡ್, ಚಿಕ್ಕದು-ದೊಡ್ಡದು ಗುರುತುಗಳು ಬೇರೆ ಟೋಕನ್‌ಗಳಾಗಿ, ಅಂದರೆ ಬೇರೆ ತುಂಡುಗಳಾಗಿ, ಬರುತ್ತವೆ. ಸಾಲಾಗಿ ನಿಂತ ಗುರುತುಗಳು ಒಟ್ಟಿಗೆ ಬರುತ್ತವೆ, ಹಾಗಾಗಿ && ಎರಡು ತುಂಡಾಗುವುದಿಲ್ಲ. ಆದರೆ &&& ಅಂತ ಯಾರಾದರೂ ಟೈಪ್ ಮಾಡಿದರೆ ಅದನ್ನೂ ಒಂದೇ ಟೋಕನ್ ಮಾಡಿ ಕೈಗಿಡುತ್ತದೆ; ಸರಿಯೋ ತಪ್ಪೋ ನೋಡುವುದು ನಿನ್ನ ಜವಾಬ್ದಾರಿ. ಸ್ಪ್ಲಿಟ್ ಫಂಕ್ಷನ್‌ಗೆ ಈ ಆರ್ಗ್ಯುಮೆಂಟ್ ಕೊಡಲು ಬರುವುದಿಲ್ಲ, ಕ್ಲಾಸನ್ನೇ ಕರೆಯಬೇಕು. ಪಾಸಿಕ್ಸ್ ಟ್ರೂ ಮಾಡು, ವೈಟ್‌ಸ್ಪೇಸ್ ಸ್ಪ್ಲಿಟ್ ಅನ್ನೂ ಟ್ರೂ ಮಾಡು. ಈ ಎರಡನೆಯದು ಪಂಕ್ಚುಯೇಷನ್ ಜೊತೆ ಹೊಂದಿಕೊಂಡು ಕೆಲಸ ಮಾಡುವುದು 3.8ರಿಂದ.

ನಿನ್ನ ವೈವಾದಲ್ಲಿ ಕುಳಿತವರು ನಾನಾಗಿದ್ದರೆ ಇಷ್ಟಕ್ಕೆ ಬಿಡುತ್ತಿರಲಿಲ್ಲ. ಇದನ್ನು ಟೈಪ್ ಮಾಡು ಅನ್ನುತ್ತಿದ್ದೆ:

ಎಕೋ "|" ಡಬ್ಲ್ಯೂಸಿ

ನಿಜವಾದ ಶೆಲ್‌ನಲ್ಲಿ ಇಲ್ಲಿ ಪೈಪೇ ಇಲ್ಲ. ಒಂದು ಗೆರೆ, ಒಂದು ಪದ ತೆರೆಯ ಮೇಲೆ ಮೂಡಬೇಕು ಅಷ್ಟೇ. ಶ್‌ಲೆಕ್ಸ್ ಏನು ಕೊಡುತ್ತದೆ? [ಎಕೋ] [|] [ಡಬ್ಲ್ಯೂಸಿ]. ಕೋಟ್ ಇಲ್ಲದ ಸಾಲಿಗೂ ಅದೇ ಮೂರು ಟೋಕನ್. ಪಾಸಿಕ್ಸ್ ರೀತಿಯಲ್ಲಿ ಅದು ಕೋಟನ್ನು ಕಿತ್ತೇ ಕೊಡುವುದರಿಂದ, ಈ ಪೈಪ್ ಕೋಟ್ ಒಳಗಿತ್ತೋ ಹೊರಗಿತ್ತೋ ಅನ್ನುವ ಸುದ್ದಿ ದಾರಿಯಲ್ಲೇ ಕಳೆದುಹೋಗಿರುತ್ತದೆ. ಆಮೇಲೆ ಎಷ್ಟು ತಿಣುಕಿದರೂ ಅದು ವಾಪಸ್ ಬರುವುದಿಲ್ಲ. ಪಾಸಿಕ್ಸ್ ಫಾಲ್ಸ್ ಮಾಡಿದರೆ ಕೋಟ್ ಉಳಿಯುತ್ತದೆ, ಆದರೆ ಆಗ ಬ್ಯಾಕ್‌ಸ್ಲ್ಯಾಶಿಗೆ ಬೆಲೆಯೇ ಇರುವುದಿಲ್ಲ, ಕೋಟ್ ಕೀಳುವ ಕೆಲಸವೂ ನಿನ್ನ ಮೇಲೇ ಬೀಳುತ್ತದೆ.

ಹಾಗಾಗಿ ಶೆಲ್ ಬರೆಯುವವನು ಟೋಕನ್ ಮಾಡುವ ಭಾಗವನ್ನು ತಾನೇ ಬರೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ದೊಡ್ಡ ಕೆಲಸವೇನಲ್ಲ. ಒಂದೊಂದೇ ಅಕ್ಷರ ಓದುತ್ತಾ ಹೋಗು; ಈಗ ನಾನು ಎಲ್ಲಿದ್ದೇನೆ, ಕೋಟ್ ಹೊರಗೋ, ಸಿಂಗಲ್ ಒಳಗೋ, ಡಬಲ್ ಒಳಗೋ, ಬ್ಯಾಕ್‌ಸ್ಲ್ಯಾಶ್ ಪಕ್ಕದಲ್ಲೋ ಅಂತ ಒಂದು ವೇರಿಯಬಲ್‌ನಲ್ಲಿ ಇಟ್ಟುಕೋ. ಪ್ರತಿ ಟೋಕನ್ ಜೊತೆ ಅದು ಪದವೋ ಆಪರೇಟರೋ ಅಂತ ಒಂದು ಗುರುತು ಕೊಡು. ಪ್ರಾಜೆಕ್ಟಿನಲ್ಲಿ ಮಾರ್ಕ್ಸ್ ಬರುವ ಜಾಗವೇ ಅದು, ಅದನ್ನು ಲೈಬ್ರರಿಗೆ ಯಾಕೆ ಬಿಟ್ಟುಕೊಡುತ್ತೀ? ಶ್‌ಲೆಕ್ಸಿನ ಸೋರ್ಸ್ ಕೋಡ್ ಓದು, ಒಂದು ಸಂಜೆಯಲ್ಲಿ ಮುಗಿಯುವಷ್ಟು ಚಿಕ್ಕದು, ಒಳಗೆ ನಾನು ಹೇಳಿದ ಇದೇ ಸ್ಥಿತಿಯಂತ್ರ ಕೂತಿದೆ.

ನಕ್ಷತ್ರ ಹಾಕಿದರೆ ಫೈಲ್ ಹೆಸರುಗಳು ಬರುವುದಿಲ್ಲ ಅಂತ ಪತ್ರದ ಕೊನೆಯಲ್ಲಿ ದೂರಿದ್ದೀಯ. ಬರಬಾರದು. ಶೆಲ್ ಸಾಲನ್ನು ಒಡೆದ ಮೇಲೆ ಟಿಲ್ಡೆ (~), ಡಾಲರ್ ವೇರಿಯಬಲ್ಲುಗಳನ್ನು ಬಿಡಿಸುತ್ತದೆ, ಬಂದದ್ದನ್ನು ಮತ್ತೆ ಪದಗಳಾಗಿ ಒಡೆಯುತ್ತದೆ, ಆಮೇಲೆ ನಕ್ಷತ್ರ-ಪ್ರಶ್ನೆಗುರುತುಗಳನ್ನು ಫೈಲ್ ಹೆಸರುಗಳಾಗಿಸುತ್ತದೆ, ಎಲ್ಲಕ್ಕಿಂತ ಕೊನೆಗೆ ಕೋಟ್ ಕೀಳುತ್ತದೆ. ಶ್‌ಲೆಕ್ಸ್ ಮಾಡುವುದು ಮೊದಲನೆಯದು ಮತ್ತು ಕೊನೆಯದು ಎರಡೇ. ನಡುವಿನದ್ದಕ್ಕೆ ಗ್ಲಾಬ್ ಮಾಡ್ಯೂಲ್ ಇದೆ, ಓಎಸ್ ಪಾತ್‌ನಲ್ಲಿ ಎಕ್ಸ್‌ಪ್ಯಾಂಡ್ ಯೂಸರ್, ಎಕ್ಸ್‌ಪ್ಯಾಂಡ್ ವಾರ್ಸ್ ಇವೆ. ಇಲ್ಲೂ ಅದೇ ಪೇಚು: ಕೋಟ್ ಒಳಗಿನ ನಕ್ಷತ್ರವನ್ನು ಬಿಡಿಸಬಾರದು, ಆದರೆ ಕೋಟ್ ಇತ್ತೆಂದು ನಿನಗೆ ಗೊತ್ತಿರಬೇಕಲ್ಲ.

ಪ್ರಶ್ನೆ: ನಾವು ಮೈಸೂರು, ಮಂಡ್ಯ ಕಡೆಯ ಜನಪದ ಹಾಡುಗಳನ್ನು ಟೈಪ್ ಮಾಡಿ ಹುಡುಕುವ ಸೌಲಭ್ಯ ಮಾಡುತ್ತಿದ್ದೇವೆ. ಹುಡುಕುವವರು ರಾಗಿ "ಬೀಸೋ ಕಲ್ಲು" ಎಂದು ಬರೆದರೆ ಕೋಟಿನೊಳಗಿನದನ್ನು ಒಂದು ಪದಗುಚ್ಛವಾಗಿ ತೆಗೆದುಕೊಳ್ಳಬೇಕು. ಶ್‌ಲೆಕ್ಸ್ ಕ್ಲಾಸ್ ಬಳಸಿದೆವು. ಇಂಗ್ಲಿಷ್ ಪದಗಳಿಗೆ ಚೆನ್ನಾಗಿದೆ. 'ರಾಗಿ' ಎಂದರೆ ರ, ಆಮೇಲೆ ಬರೀ ದೀರ್ಘ, ಗ, ಆಮೇಲೆ ಬರೀ ಗುಡಿಸು, ಹೀಗೆ ನಾಲ್ಕು ಚೂರು ಮಾಡುತ್ತದೆ. ಕನ್ನಡಕ್ಕೆ ಇದು ಬರುವುದೇ ಇಲ್ಲವೆ?
— ಸಂಶೋಧಕಿ, ಮೈಸೂರು

ಉತ್ತರ: ಬರುತ್ತದೆ, ನೀವು ಹಿಡಿದ ಬಾಗಿಲು ಬೇರೆ. ಶ್‌ಲೆಕ್ಸ್ ಕ್ಲಾಸಿನೊಳಗೆ 'ವರ್ಡ್‌ಕ್ಯಾರ್ಸ್' ಎಂಬ ಪಟ್ಟಿ ಇದೆ, ಯಾವ ಅಕ್ಷರಗಳು ಸೇರಿ ಪದವಾಗುತ್ತವೆ ಎಂದು. ಅದರಲ್ಲಿರುವುದು ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್. ಪಾಸಿಕ್ಸ್ ರೀತಿಯಲ್ಲಿ ಫ್ರೆಂಚ್, ಜರ್ಮನ್ ಮುಂತಾದವಕ್ಕೆ ಬೇಕಾದ ತಲೆಗುರುತಿನ ಅಕ್ಷರಗಳು. ಕನ್ನಡದ್ದು ಒಂದೂ ಇಲ್ಲ. ಪಟ್ಟಿಯಲ್ಲಿಲ್ಲದ ಯಾವುದೇ ಅಕ್ಷರ ಅದರ ಲೆಕ್ಕದಲ್ಲಿ ಒಂಟಿ ಚಿಹ್ನೆ, ಹಾಗಾಗಿ ಪ್ರತಿಯೊಂದು ಯೂನಿಕೋಡ್ ಬಿಂದುವೂ (ಒಂದೊಂದು ಗುರುತಿಗೆ ಯೂನಿಕೋಡ್ ಕೊಟ್ಟ ಸಂಖ್ಯೆ) ಒಂದೊಂದು ಟೋಕನ್. ಕಾಗುಣಿತದ ಗುರುತು ಯೂನಿಕೋಡಿನಲ್ಲಿ ಪ್ರತ್ಯೇಕ ಬಿಂದುವಾದ್ದರಿಂದ ಅದೂ ಬೇರೆಯಾಗಿ ಉದುರುತ್ತದೆ.

ಕನ್ನಡ ಅಕ್ಷರಗಳನ್ನೆಲ್ಲ ಆ ಪಟ್ಟಿಗೆ ಸೇರಿಸಲು ಹೋಗಬೇಡಿ. ಸ್ಪ್ಲಿಟ್ ಫಂಕ್ಷನ್ ಬಳಸಿ, ಅಥವಾ ಕ್ಲಾಸಿನಲ್ಲಿ ಪಾಸಿಕ್ಸ್ ಮತ್ತು ವೈಟ್‌ಸ್ಪೇಸ್ ಸ್ಪ್ಲಿಟ್ ಎರಡನ್ನೂ ಟ್ರೂ ಮಾಡಿ. ಆಗ ಪದ ಒಡೆಯುವುದು ಸ್ಪೇಸ್, ಟ್ಯಾಬ್, ಸಾಲು ಮುರಿತ ಇದ್ದಲ್ಲಿ ಮಾತ್ರ. [ರಾಗಿ] [ಬೀಸೋ ಕಲ್ಲು] ಎಂದು ಎರಡೇ ತುಂಡು ಬರುತ್ತವೆ.

ಇದು ಸುಲಭದ ಭಾಗ. ನಿಮ್ಮ ಸಂಕಟ ಶುರುವಾಗುವುದು ಜನ ಹುಡುಕಲು ಬಂದ ಮೇಲೆ. ವರ್ಡ್ ಕಡತದಿಂದ ನಕಲು ಮಾಡಿ ತಂದವರ ಕೋಟ್ ನೇರ ಕೋಟ್ ಆಗಿರುವುದಿಲ್ಲ, “ಬೀಸೋ ಕಲ್ಲು” ಎಂದು ಬಾಗಿದ ಕೋಟ್ ಆಗಿರುತ್ತದೆ. ಶ್‌ಲೆಕ್ಸ್ ಪಾಲಿಗೆ ಅದು ಕೋಟೇ ಅಲ್ಲ. ಅದರ ಕೋಟ್ ಪಟ್ಟಿಗೆ ಸೇರಿಸೋಣ ಎಂದರೆ ಅದೂ ಆಗದು: ಯಾವ ಗುರುತಿನಿಂದ ತೆರೆಯಿತೋ ಅದೇ ಗುರುತು ಮುಚ್ಚಬೇಕು ಎಂದು ಅದು ಕಾಯುತ್ತದೆ, ಬಾಗಿದ ಕೋಟ್‌ಗಳಲ್ಲಿ ತೆರೆಯುವುದು ಬೇರೆ, ಮುಚ್ಚುವುದು ಬೇರೆ. ಸಾಲನ್ನು ಶ್‌ಲೆಕ್ಸ್‌ಗೆ ಕೊಡುವ ಮೊದಲೇ ಬಾಗಿದ ಡಬಲ್ ಕೋಟ್‌ಗಳನ್ನು ನೇರ ಮಾಡಿಬಿಡಿ. ಸಿಂಗಲ್ ಕೋಟನ್ನು, ಹಾಡಿನ ಹುಡುಕಾಟಕ್ಕೆ, ಕೋಟ್ ಪಟ್ಟಿಯಿಂದಲೇ ತೆಗೆದುಹಾಕುವುದು ಒಳ್ಳೆಯದು. ಇದಕ್ಕೆ ಕ್ಲಾಸ್ ಬೇಕು, 'ಕೋಟ್ಸ್' ಎಂಬುದರಲ್ಲಿ ಡಬಲ್ ಕೋಟ್ ಒಂದನ್ನೇ ಉಳಿಸಿ. 'ಕಾಮೆಂಟರ್ಸ್' ಎಂಬುದನ್ನು ಖಾಲಿ ಮಾಡುವುದನ್ನೂ ಮರೆಯಬೇಡಿ, ಇಲ್ಲದಿದ್ದರೆ ಹ್ಯಾಶ್ (#) ನಂತರದ್ದನ್ನು ಟಿಪ್ಪಣಿ ಎಂದು ತಿಳಿದು ಮಾಯ ಮಾಡುತ್ತದೆ.

ಇನ್ನು ನಮ್ಮ ಲಿಪಿಯ ಸ್ವಂತ ತಾಪತ್ರಯ. 'ಬೀಸೋ' ಪದದ ಕೊನೆಯ ಓಕಾರವನ್ನು ಯೂನಿಕೋಡಿನಲ್ಲಿ ಒಂದೇ ಬಿಂದುವಾಗಿಯೂ ಇಡಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಬಿಡಿಬಿಡಿಯಾಗಿಯೂ ಇಡಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಹಾಡುಗಳನ್ನೂ ಹುಡುಕುವ ಸಾಲನ್ನೂ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ನಿಂದ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಬಿಡಿ ಗುರುತುಗಳನ್ನು ಒಂದೇ ಬಿಂದುವಾಗಿ ಸೇರಿಸುವ ರೂಪಕ್ಕೆ ತನ್ನಿ. 'ಬಸ್' ಎಂಬಂಥ ಪದದ ಕೊನೆಯಲ್ಲಿ ಅರ್ಧಾಕ್ಷರ ನಿಲ್ಲಿಸಲು ಹಾಕಿದ, ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರ ಉಳಿದುಬಿಟ್ಟರೆ ಎನ್‌ಎಫ್‌ಸಿಯೂ ಅದನ್ನು ತೆಗೆಯುವುದಿಲ್ಲ, ಶ್‌ಲೆಕ್ಸೂ ಅದನ್ನು ಸ್ಪೇಸ್ ಎಂದು ತಿಳಿಯುವುದಿಲ್ಲ. ಪದದ ಕೊನೆಯಲ್ಲಿದ್ದರೆ ಕತ್ತರಿಸಿ ಹಾಕಿ. ಪದದ ನಡುವೆ ಇದ್ದರೆ ಮುಟ್ಟಬೇಡಿ, ಒತ್ತಕ್ಷರವಾಗಿ ಪದದ ರೂಪವೇ ಬದಲಾಗುತ್ತದೆ.

ಕೋಟ್ ಮುಚ್ಚಲು ಮರೆತವರಿಗೆ ಎರರ್ ತೋರಿಸಬೇಡಿ. ಹಾಡು ಹುಡುಕಲು ಬಂದವರಿಗೆ ವ್ಯಾಲ್ಯೂ ಎರರ್ ಕಟ್ಟಿಕೊಂಡು ಏನಾಗಬೇಕು? ಸಾಲಿನ ಕೊನೆಗೆ ನೀವೇ ಒಂದು ಕೋಟ್ ಸೇರಿಸಿ ಮತ್ತೊಮ್ಮೆ ಒಡೆದು ನೋಡಿ.

ಪ್ರಶ್ನೆ: ಪಾಂಡವಪುರದಲ್ಲಿ ನಮ್ಮದು ಗೊಬ್ಬರದ ಅಂಗಡಿ. ಬಿಲ್‌ಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡುವ ಪೈಥಾನ್ ಪ್ರೋಗ್ರಾಮನ್ನು ನಮ್ಮ ಅಣ್ಣನ ಮಗ ಬರೆದುಕೊಟ್ಟ. ವಿಂಡೋಸ್ ಕಂಪ್ಯೂಟರ್. ಸೆಟ್ಟಿಂಗ್ಸ್ ಫೈಲಿನಲ್ಲಿ ಡಿ:\ಬಿಲ್\ಮಾರ್ಚ್ ಅಂತ ಬರೆದರೆ ಡಿ:ಬಿಲ್ಮಾರ್ಚ್ ಸಿಗಲಿಲ್ಲ ಅನ್ನುತ್ತೆ. ಅವನು ಈಗ ಬೆಂಗಳೂರಿಗೆ ಹೋಗಿದ್ದಾನೆ, ಫೋನ್ ಎತ್ತಲ್ಲ.

ಉತ್ತರ: ಹುಡುಗ ಶ್‌ಲೆಕ್ಸ್ ಸ್ಪ್ಲಿಟ್ ಬಳಸಿದ್ದಾನೆ, ಅದು ಯುನಿಕ್ಸ್ ಸಂಪ್ರದಾಯದ್ದು. ಕೋಟ್ ಹೊರಗಿನ ಬ್ಯಾಕ್‌ಸ್ಲ್ಯಾಶನ್ನು ನುಂಗಿಹಾಕುತ್ತದೆ. ಕೋಡ್ ಮುಟ್ಟದೆ ಇವತ್ತೇ ಕೆಲಸ ಆಗಬೇಕೆಂದರೆ ದಾರಿಯನ್ನು ಸಿಂಗಲ್ ಕೋಟ್ ಒಳಗೆ ಬರೆಯಿರಿ: 'ಡಿ:\ಬಿಲ್\ಮಾರ್ಚ್'. ಅಥವಾ ಡಿ:/ಬಿಲ್/ಮಾರ್ಚ್ ಅಂತ ಓರೆಗೆರೆ ತಿರುಗಿಸಿ ಬರೆಯಿರಿ, ವಿಂಡೋಸ್‌ನಲ್ಲೂ ಪೈಥಾನ್ ಅದನ್ನು ಒಪ್ಪುತ್ತದೆ. ಡಬಲ್ ಕೋಟ್ ಹಾಕಿದರೂ ನಡೆಯುತ್ತದೆ, ಆದರೆ ಕೊನೆಯಲ್ಲಿ ಬ್ಯಾಕ್‌ಸ್ಲ್ಯಾಶ್ ಬಿಟ್ಟರೆ ಅದು ಮುಚ್ಚುವ ಕೋಟನ್ನೇ ತಿಂದುಬಿಡುತ್ತದೆ.

ಅಣ್ಣನ ಮಗ ಫೋನ್ ಎತ್ತಿದಾಗ ಇದನ್ನು ಓದಿ ಹೇಳಿ: ವಿಂಡೋಸ್‌ನಲ್ಲಿ ಪ್ರೋಗ್ರಾಮಿಗೆ ಹೋಗುವುದು ಪಟ್ಟಿ ಅಲ್ಲ, ಇಡೀ ಸಾಲು. ಒಡೆಯುವುದು ಆಯಾ ಪ್ರೋಗ್ರಾಮಿನ ಪಾಡು. ಮೈಕ್ರೋಸಾಫ್ಟಿನ ಸಿ ಲೈಬ್ರರಿಯ ನಿಯಮದಲ್ಲಿ ಬ್ಯಾಕ್‌ಸ್ಲ್ಯಾಶಿಗೆ ವಿಶೇಷ ಅರ್ಥ ಬರುವುದು ಅದರ ಬೆನ್ನಿಗೇ ಡಬಲ್ ಕೋಟ್ ಇದ್ದಾಗ ಮಾತ್ರ, ಸಿಂಗಲ್ ಕೋಟ್ ಅಲ್ಲಿ ಕೋಟೇ ಅಲ್ಲ. ಸಬ್‌ಪ್ರೊಸೆಸ್‌ಗೆ ಪಟ್ಟಿ ಕೊಟ್ಟರೆ ಈ ನಿಯಮದ ಪ್ರಕಾರ ಸಾಲು ಕಟ್ಟುವ ಕೆಲಸ ಪೈಥಾನೇ ಮಾಡುತ್ತದೆ. ಶ್‌ಲೆಕ್ಸಿನ ಕೋಟ್ ಫಂಕ್ಷನ್ನನ್ನು ವಿಂಡೋಸ್‌ನಲ್ಲಿ ಬಳಸಬಾರದು, ಅದು ಯುನಿಕ್ಸ್ ಶೆಲ್‌ಗಷ್ಟೇ. ಬ್ಯಾಚ್ ಫೈಲಿಗೆ (ವಿಂಡೋಸ್ ಕಮಾಂಡ್‌ಗಳನ್ನು ಬರೆದಿಡುವ ಫೈಲ್) ಹೊರಗಿನವರು ಕೊಟ್ಟ ಹೆಸರುಗಳನ್ನು ಕಳಿಸುವುದಂತೂ ಬೇಡ. ಅಲ್ಲಿ ಸಾಲು ಒಡೆಯುವ ನಿಯಮವೇ ಮತ್ತೊಂದು. ರಸ್ಟ್ ಭಾಷೆಯವರು 2024ರ ಏಪ್ರಿಲ್‌ನಲ್ಲಿ 1.77.2 ಆವೃತ್ತಿ ಬಿಟ್ಟಿದ್ದು ಬ್ಯಾಚ್ ಫೈಲಿನ ಈ ರಂಧ್ರ ಮುಚ್ಚಲೆಂದೇ.

ಚುಟುಕು

*ಶ್‌ಲೆಕ್ಸ್ ಸ್ಪ್ಲಿಟ್ ಕರೆದ ಕೂಡಲೇ ಪ್ರೋಗ್ರಾಮ್ ನಿಂತಲ್ಲೇ ನಿಲ್ಲುತ್ತದೆ, ಎರರೂ ಇಲ್ಲ. (ಶ್ರೀರಂಗಪಟ್ಟಣ)*
ನೀವು ಕೊಟ್ಟ ವೇರಿಯಬಲ್ ಖಾಲಿ ಸ್ಟ್ರಿಂಗ್ ಅಲ್ಲ, 'ನನ್' (None, ಪೈಥಾನ್‌ನಲ್ಲಿ 'ಏನೂ ಇಲ್ಲ' ಎಂಬುದರ ಗುರುತು). ನನ್ ಕೊಟ್ಟರೆ ಹಳೆಯ ಪೈಥಾನ್ ಕೀಬೋರ್ಡಿನಿಂದ ಓದಲು ಕೂರುತ್ತದೆ. 3.9ರಲ್ಲಿ ಎಚ್ಚರಿಕೆ ಕೊಡಲು ಶುರು ಮಾಡಿ, 3.12ರಿಂದ ನೇರ ಎರರ್ ಮಾಡಿದ್ದಾರೆ. ಹೊಸ ಆವೃತ್ತಿಗೆ ಬನ್ನಿ, ಇಲ್ಲವೇ ಕರೆಯುವ ಮೊದಲು ಪರೀಕ್ಷಿಸಿ.

*ಕಾಮೆಂಟ್ಸ್ ಟ್ರೂ ಮಾಡಿದ ಮೇಲೆ 'ಮದುವೆ#2' ಎಂಬುದು 'ಮದುವೆ' ಆಗಿಬಿಟ್ಟಿತು. ಶೆಲ್‌ನಲ್ಲಿ ಹೀಗಾಗುವುದಿಲ್ಲವಲ್ಲ? (ನಂಜನಗೂಡು)*
ಆಗುವುದಿಲ್ಲ. ಶೆಲ್‌ನಲ್ಲಿ ಪದದ ಮೊದಲಲ್ಲಿರುವ ಹ್ಯಾಶ್ ಮಾತ್ರ ಕಾಮೆಂಟ್. ಶ್‌ಲೆಕ್ಸ್ ಪದದ ನಡುವೆಯೂ ಕತ್ತರಿಸುತ್ತದೆ. ಕಾಮೆಂಟ್ ಸಾಲುಗಳನ್ನು ನೀವೇ ಮೊದಲು ಬಿಟ್ಟು, ಉಳಿದ ಸಾಲನ್ನು ಕಾಮೆಂಟ್ಸ್ ಫಾಲ್ಸ್ ಇಟ್ಟೇ ಒಡೆಯಿರಿ.

*"\$500" ಬರೆದರೆ ಶೆಲ್‌ನಲ್ಲಿ $500, ಶ್‌ಲೆಕ್ಸಿನಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಗೇ ಉಳಿಯುತ್ತದೆ. ಬಗ್ ಇರಬಹುದೆ? (ಮೈಸೂರು)*
ಬರೆದಿಟ್ಟ ನಡವಳಿಕೆಯೇ ಹಾಗೆ. ಡಬಲ್ ಕೋಟ್ ಒಳಗೆ ಶ್‌ಲೆಕ್ಸಿನ ಬ್ಯಾಕ್‌ಸ್ಲ್ಯಾಶ್ ಕೆಲಸ ಮಾಡುವುದು ಇನ್ನೊಂದು ಡಬಲ್ ಕೋಟ್ ಅಥವಾ ಇನ್ನೊಂದು ಬ್ಯಾಕ್‌ಸ್ಲ್ಯಾಶ್ ಮುಂದೆ ಮಾತ್ರ. ಅದು ಡಾಲರನ್ನು ಬಿಡಿಸುವುದೇ ಇಲ್ಲವಲ್ಲ, ಕಾಯುವ ಅಗತ್ಯವೂ ಅದಕ್ಕೆ ಕಂಡಿಲ್ಲ. ನೀವು '$500' ಎಂದು ಸಿಂಗಲ್ ಕೋಟ್ ಹಾಕಿದರೆ ಎರಡೂ ಕಡೆ ಒಂದೇ ಫಲ.

*ನಮ್ಮದು ಜಾವಾ. ರನ್‌ಟೈಮ್ ಎಕ್ಸೆಕ್‌ಗೆ ಕೋಟ್ ಹಾಕಿದ ಸಾಲು ಕೊಟ್ಟರೂ ಒಡೆಯುತ್ತದೆ. (ಮದ್ದೂರು)*
ಒಡೆಯಲೇಬೇಕು, ಸ್ಟ್ರಿಂಗ್ ತೆಗೆದುಕೊಳ್ಳುವ ಎಕ್ಸೆಕ್‌ಗೆ ಕೋಟ್ ಏನೆಂದೇ ಗೊತ್ತಿಲ್ಲ, ಸ್ಪೇಸ್ ಕಂಡಲ್ಲೆಲ್ಲ ಕತ್ತರಿ. ಜಾವಾ 18ರಲ್ಲಿ ಅದನ್ನು ಬಳಸಬೇಡಿ ಎಂದು ಗುರುತು ಹಾಕಿದ್ದಾರೆ. ಪ್ರೊಸೆಸ್ ಬಿಲ್ಡರ್ ತೆಗೆದುಕೊಂಡು ಆರ್ಗ್ಯುಮೆಂಟ್‌ಗಳನ್ನು ಬಿಡಿಬಿಡಿಯಾಗಿ ಕೊಡಿ. ರೂಬಿಯವರಿಗೆ ಶೆಲ್‌ವರ್ಡ್ಸ್ ಎಂಬ ಲೈಬ್ರರಿ ಭಾಷೆಯ ಜೊತೆಗೇ ಬರುತ್ತದೆ, ಅವರು ಅದನ್ನು ನೋಡಲಿ.